ಅಲೆ ಎಷ್ಟು?

ಪಡುಕೆರೆಯ ವಾರಿಜಕ್ಕ ಮೀನಿನ ಬುಟ್ಟಿ ಹೊರಗಿಟ್ಟು
ನನ್ನ ಗಾಜಿನ ಮೇಜಿನ ಮೇಲೆ ಸೆರಗಿನ ಗಂಟು ಬಿಚ್ಚಿದಳು.
"ವಾಚಿನದ್ದಲ್ಲ ಮಾರಾಯ್ರೆ. ಆದರೆ ನಿಮ್ಮಲ್ಲಿ
ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಉಂಟಲ್ಲ,
ಇದೆಂತದು ನೋಡಿ."

ದುಂಡಗೆ. ನಡುವೆ ಚೌಕ ತೂತು.
ತೂತಿನ ಸುತ್ತ ನಾಲ್ಕು ಅಕ್ಷರ,
ಕಿಟಕಿಗೆ ಬಂದು ನಿಂತ ಗುರುತಿಲ್ಲದ ಮಂದಿಯ ಹಾಗೆ.
ಅರ್ಧ ಹಸಿರು ಕಿಲುಬು, ಅರ್ಧ ಫಳಫಳ.
"ತಿಕ್ಕಿದಿರಾ?"
"ಹುಣಸೆಹುಳಿ ಹಾಕಿ. ಅರ್ಧಕ್ಕೆ ಕೈ ಸೋತಿತು."
ತಿಕ್ಕಬಾರದಿತ್ತು, ಬೆಲೆ ಇಳಿಯುತ್ತದೆ ಅಂದೆ.
"ದೇವರನ್ನೇ ತಿಕ್ಕುತ್ತೇವೆ, ಅವನ ಬೆಲೆ ಇಳಿದಿದೆಯೋ?"

ಅಪ್ಪನ ಬೀಸುಬಲೆಯ ಅಂಚಿನಲ್ಲಿ
ಸೀಸದ ಗುಂಡುಗಳ ನಡುವೆ ಇದೊಂದು ಪೋಣಿಸಿತ್ತಂತೆ.
ಅಪ್ಪನಿಗೆ ಎಲ್ಲಿಂದ ಬಂತೋ, ಕೇಳಿದವರಿಲ್ಲ.
ತಮ್ಮನ ಮಗ ಫೋನಿನಲ್ಲಿ ಹುಡುಕಿ
ಎರಡು ಲಕ್ಷ ಅಂದ ರಾತ್ರಿಯಿಂದ
ಮನೆಯಲ್ಲಿ ಯಾರೂ ಯಾರಿಗೂ ಗಂಜಿ ಬಡಿಸಿಲ್ಲ.

ಪಕ್ಕದ ಆಚಾರ್ರ ತಕ್ಕಡಿಯಲ್ಲಿ ನಾಲ್ಕು ಗ್ರಾಂ ಎಂಟುನೂರು ಮಿಲಿ.
"ಚಿನ್ನವಲ್ಲ" ಅಂದರು. ಅವರ ಮಟ್ಟಿಗೆ ಪರೀಕ್ಷೆ ಮುಗಿಯಿತು.
ಬ್ಯಾಂಕಿನಿಂದ ನಿವೃತ್ತರಾದ ಪ್ರಭುಗಳು ಪೋರ್ಚುಗೀಸರದ್ದು ಅಂದರು;
ಅವರಿಗೆ ಎಲ್ಲವೂ ಪೋರ್ಚುಗೀಸರದ್ದೇ, ಮೆಣಸಿನಕಾಯಿಯೂ.

ಗುರುವಾರ ವಾಚಿನ ಸೆಲ್ ಹಾಕಿಸಲು ಬಂದಳು
ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಮಲೇಷ್ಯಾದ ಹುಡುಗಿ ಶು ಯೀ.
ಅವಳಿಗೆ ಬರುವ ಕನ್ನಡ ನಾಲ್ಕೇ ಮಾತು:
ಎಷ್ಟು, ಬೇಡ, ಸ್ವಲ್ಪ, ಖಾರ.
ನಾಣ್ಯ ಕಂಡವಳೇ ಅದನ್ನು ಅರ್ಧ ಸುತ್ತು ತಿರುಗಿಸಿಟ್ಟಳು.
ವಾರವಿಡೀ ನಾನು ತಲೆಕೆಳಗೆ ಹಿಡಿದಿದ್ದೆ!
ಬೆರಳಿಟ್ಟು ಓದಿದಳು: ಮೇಲೆ, ಕೆಳಗೆ, ಬಲ, ಎಡ,
ಕಲ್ಯಾಣಪುರದ ಇಗರ್ಜಿಯಲ್ಲಿ ಎದುರು ನಿಂತವರು
ಶಿಲುಬೆಯ ಗುರುತು ಮಾಡಿಕೊಂಡಂತೆ.
ಅಕ್ಷರ ನಮ್ಮ ಅಜ್ಜಂದಿರದ್ದು, ದುಡ್ಡು ಜಪಾನಿನದು ಅಂದಳು.
ಕೆಳಗಿನದಕ್ಕೆ ಅರ್ಥ 'ಸದಾಕಾಲ',
ಬಲಗಡೆಯದಕ್ಕೆ 'ಹಾದುಹೋಗು'.
ಎರಡನ್ನೂ ಒಂದೇ ದುಡ್ಡಿನ ಮೇಲೆ ಹೇಗೆ ಬರೆದರೋ.
ಸೆಲ್ಲಿಗೆ "ಎಷ್ಟು?" ಅಂದಳು. ನಾನು "ಬೇಡ" ಅಂದೆ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಹಳೆ ನಾಣ್ಯ ಮಾರುವ
ಸಿಪ್ರಿಯನ್ ಲೋಬೊಗೆ ಫೋನು ಮಾಡಿದರೆ ಒಂದೇ ಪ್ರಶ್ನೆ:
"ಹಿಂಬದಿಯಲ್ಲಿ ಅಲೆ ಎಷ್ಟು?
ಇಪ್ಪತ್ತೊಂದಾದರೆ ಕೂತು ಮಾತಾಡುವ.
ಹನ್ನೊಂದಾದರೆ ಅವರಿಗೊಂದು ಚಾ ಕುಡಿಸಿ ಕಳಿಸಿ."

ಮಗುಚಿ ನೋಡಿದೆ. ಹೌದು, ಅಲೆಗಳು!
ಬಾಚಣಿಗೆ ಎಳೆದಂಥ ಬಾಗು ಗೆರೆ, ಒಂದರ ಬೆನ್ನಿಗೊಂದು.
ಹುಳಿ ತಿಂದ ಕಡೆ ಬರೀ ಅಂದಾಜು.
ಹನ್ನೊಂದು. ಮತ್ತೆ ಹನ್ನೊಂದು.
ಒಮ್ಮೆ ಆಸೆಗೆ ಹನ್ನೆರಡು.
ದೀಪ ಹತ್ತಿರ ತಂದರೆ ಹನ್ನೊಂದು.

"ಇನ್ನೂರು," ಅಂದೆ, "ಕೊಳ್ಳುವವ ಸಿಕ್ಕಿದರೆ."
ವಾರಿಜಕ್ಕ ನಕ್ಕದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಿರಬೇಕು.
"ಒಂದು ಕಿಲೋ ಬಂಗುಡೆ! ಅದಕ್ಕೆ ಇಷ್ಟು ದಿನ ಉಪವಾಸವೋ?"
ಆಮೇಲೆ ಚಾ ತಣಿಯುವ ತನಕ ಮಾತಿಲ್ಲ.

"ಅಪ್ಪ ಬಲೆ ಬೀಸಿದಾಗೆಲ್ಲ ಇದಕ್ಕೆ ಬೈಯುತ್ತಿದ್ದ.
ಸೀಸದ ಭಾರ ಇದಕ್ಕಿಲ್ಲ, ಅಂಚು ಇಲ್ಲೇ ನೆಲ ಬಿಟ್ಟು ಏಳುತ್ತದೆ,
ಮೀನು ಹೋಗುವುದು ಇಲ್ಲಿಂದಲೇ ಅಂತ.
ಮೂವತ್ತು ವರ್ಷ ಬೈದ. ಬಿಚ್ಚಲಿಲ್ಲ."

"ಯಾಕೆ?"

"ನಾನು ಕೇಳಿದ್ದೆ ಅಂತ ಎಣಿಸಿದ್ದೀರೋ?"
ಗಂಟು ಕಟ್ಟಿ, ಬುಟ್ಟಿ ತಲೆಗೇರಿಸಿ ಹೋದಳು.

ರಿಪೇರಿ ಪುಸ್ತಕದಲ್ಲಿ ಆ ದಿನದ ಕೆಳಗೆ ಹೀಗಿದೆ:
ಟೈಟಾನ್, ಪಟ್ಟಿ. ಎಚ್‌ಎಂಟಿ, ಕೀಲಿ.
ದುಡ್ಡು ಒಂದು, ತೂತಿನದು. ಅಲೆ ಹನ್ನೊಂದು.
ಬಾಬ್ತು: ಚಾ ಎರಡು.